ಇಂಗ್ಲಿಷಿನ ಎರಡು ಸಾವಿರ ಪದಗಳು ಮತ್ತು ನಮ್ಮ ಟೆಕ್ಸ್ಟ್‌ಬುಕ್

ಇಂಗ್ಲಿಷಿನಲ್ಲಿ ಒಟ್ಟು ಎಷ್ಟು ಪದ ಇವೆ ಅಂತ ಕೇಳಿದ್ರೆ ಲಕ್ಷಗಟ್ಟಲೆ ಅಂತಾರೆ. ಅದನ್ನ ಕೇಳಿದ ತಕ್ಷಣ ಅರ್ಧ ಜನಕ್ಕೆ ಡಿಕ್ಷನರಿ ಮುಟ್ಟೋ ಮನಸ್ಸೇ ಇರಲ್ಲ. ಆದರೆ ಪದಗಳು ಎಷ್ಟಿವೆ ಅನ್ನೋದು ಒಂದು ಲೆಕ್ಕ, ಒಂದು ಪುಟದಲ್ಲಿ ಅವು ಎಷ್ಟೆಷ್ಟು ಸಲ ಬರುತ್ತವೆ ಅನ್ನೋದು ಬೇರೆಯೇ ಲೆಕ್ಕ. ನಮಗೆ ಬೇಕಾದ್ದು ಎರಡನೇ ಲೆಕ್ಕ.

ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿ ಹೆನ್ರಿ ಕುಚೆರಾ ಮತ್ತು ನೆಲ್ಸನ್ ಫ್ರಾನ್ಸಿಸ್ ಎಂಬ ಇಬ್ಬರು ಈ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಮಾಡಿದರು. 1961ರಲ್ಲಿ ಅಮೆರಿಕದಲ್ಲಿ ಅಚ್ಚಾದ ಪತ್ರಿಕೆ, ಕಾದಂಬರಿ, ವಿಜ್ಞಾನದ ಬರಹ ಎಲ್ಲದರಿಂದ 500 ತುಣುಕು ತೆಗೆದುಕೊಂಡರು. ಒಂದೊಂದರಲ್ಲಿ ಸುಮಾರು 2,000 ಪದ, ಒಟ್ಟು ಹತ್ತು ಲಕ್ಷ. ಅದರಲ್ಲಿ ‘ದಿ’ ಒಂದೇ ಸುಮಾರು 70 ಸಾವಿರ ಸಲ ಬಂದಿತ್ತು. ಎರಡನೇ ಸ್ಥಾನದ ‘ಆಫ್’ ಸುಮಾರು 36 ಸಾವಿರ, ಮೂರನೇ ಸ್ಥಾನದ ‘ಆ್ಯಂಡ್’ ಸುಮಾರು 29 ಸಾವಿರ. ಬರೀ 135 ಬೇರೆ ಬೇರೆ ಪದಗಳು ಸೇರಿ ಹತ್ತು ಲಕ್ಷದ ಅರ್ಧವನ್ನು ತುಂಬಿಬಿಟ್ಟಿದ್ದವು.

ಮೊದಲನೆಯದರ ಅರ್ಧ ಎರಡನೆಯದು, ಮೂರನೇ ಒಂದು ಪಾಲು ಮೂರನೆಯದು, ಹೀಗೆ ಇಳಿಯೋ ಈ ಗ್ರಾಫಿಗೆ ಜಿಪ್ಫ್ ನಿಯಮ ಅಂತ ಹೆಸರು. ‘ಆ್ಯಂಡ್’ ಅದಕ್ಕೆ ಸರಿಯಾಗಿ ಕೂರಲ್ಲ ಅನ್ನೋದನ್ನ ನೀವು ಆಗಲೇ ಗಮನಿಸಿರಬಹುದು. ಇದು ಓಮ್‌ನ ನಿಯಮದ ಥರದ್ದಲ್ಲ, ಒಂದು ಅಂದಾಜು ಅಷ್ಟೆ. ಆದರೂ ಗ್ರಾಫಿನ ಆಕಾರ ಮಾತ್ರ ಯಾವ ಪುಸ್ತಕ ತಗೊಂಡರೂ ಬರತ್ತೆ. ನಂಬಿಕೆ ಇಲ್ಲದಿದ್ರೆ ನಿಮ್ಮ ಲ್ಯಾಬ್ ಮ್ಯಾನ್ಯುಯಲ್‌ನ ಟೆಕ್ಸ್ಟ್ ಫೈಲ್ ಮಾಡಿ ಪೈಥಾನಿನ ‘ಕೌಂಟರ್’ಗೆ ಕೊಡಿ. ಹತ್ತು ಸಾಲಿನ ಪ್ರೋಗ್ರಾಂ. ಲಾಗ್-ಲಾಗ್ ಪೇಪರಿನಲ್ಲಿ ಹಾಕಿದರೆ ಹೆಚ್ಚುಕಡಿಮೆ ಒಂದು ಇಳಿಜಾರು ಗೆರೆ ಸಿಗತ್ತೆ.

ಬ್ರೌನ್ ಸಂಗ್ರಹದ ಇನ್ನೊಂದು ಲೆಕ್ಕ ನಮಗೆ ಇನ್ನೂ ಉಪಯೋಗದ್ದು. ‘ಗೋ, ಗೋಸ್, ವೆಂಟ್, ಗಾನ್’ ಇವನ್ನೆಲ್ಲ ಒಂದೇ ಪದ ಅಂತ ಎಣಿಸಿದರೆ, ಅತಿ ಹೆಚ್ಚು ಬಳಕೆಯ 1,000 ಪದ ಗೊತ್ತಿದ್ದವರಿಗೆ ಬರಹದ 72%, 2,000 ಗೊತ್ತಿದ್ದವರಿಗೆ 79.7%, 3,000ಕ್ಕೆ 84%, 5,000ಕ್ಕೆ 88.7% ಪದ ಗೊತ್ತಿರತ್ತೆ. ಮೊದಲ ಸಾವಿರ ಪದ ಕಲಿತದ್ದಕ್ಕೆ 72 ಅಂಕ ಸಿಕ್ಕರೆ, ಎರಡನೇ ಸಾವಿರಕ್ಕೆ 7.7, ಮೂರನೇ ಸಾವಿರಕ್ಕೆ 4.3. ಪಡೋ ಕಷ್ಟ ಅಷ್ಟೇ, ಲಾಭ ಮಾತ್ರ ಇಳೀತಾ ಹೋಗತ್ತೆ. ಹಾಗಾಗಿ ಮೊದಲ ಎರಡು ಸಾವಿರದಲ್ಲಿ ತೂತು ಇಟ್ಕೊಂಡು ಜಿಆರ್‌ಇ ಪಟ್ಟಿಯ ಚಂದದ ಪದಗಳನ್ನ ಉರುಹೊಡೆಯೋದು ಅಡಿಪಾಯ ಇಲ್ಲದೆ ಮೂರನೇ ಮಹಡಿಗೆ ಟೈಲ್ಸ್ ಹಾಕಿದ ಹಾಗೆ. ನಮ್ಮ ಹಾಸ್ಟೆಲಿನಲ್ಲಿ ಈ ಟೈಲ್ಸ್ ಕೆಲಸ ಜೋರಾಗೇ ನಡೀತಿದೆ.

ಈಗ ಒಂದು ಪ್ರಶ್ನೆ. 80% ಪದ ಗೊತ್ತಿದ್ರೆ 80% ವಿಷಯ ಅರ್ಥ ಆಗತ್ತಾ? ಕನ್ನಡದಲ್ಲೇ ನೋಡೋಣ. ಕೆಳಗಿನ ಸಾಲುಗಳಲ್ಲಿ 20 ಪದ ಇವೆ, ಅದರಲ್ಲಿ ನಾಲ್ಕು ನಾನೇ ಹುಟ್ಟಿಸಿದ ಅರ್ಥವಿಲ್ಲದ ಪದಗಳು.

“ಮೊದಲು ಗರಳಿಯನ್ನು ಬಿಚ್ಚಿ ಅದರ ಒಳಗಿರುವ ಟೊಂಪಿಯನ್ನು ಎರಡೂ ಕೈಯಿಂದ ನಿಧಾನವಾಗಿ ಹೊರಗೆ ತೆಗೆಯಿರಿ. ಅದು ಪೂರ್ತಿ ಚಿಳಗುವ ತನಕ ಮತ್ತೆ ಜೋಡಿಸಬೇಡಿ. ಇಲ್ಲದಿದ್ದರೆ ಒಳಗಿನಿಂದ ಮೊಗ್ಗಳಿಸುತ್ತದೆ.”

ಸರಿಯಾಗಿ 80% ಗೊತ್ತಿದೆ. ಏನೋ ಬಿಚ್ಚಬೇಕು, ಏನೋ ತೆಗೀಬೇಕು, ಆತುರ ಮಾಡಿದ್ರೆ ಏನೋ ಕೆಟ್ಟದ್ದಾಗತ್ತೆ. ಏನು ಅಂತ ಮಾತ್ರ ಗೊತ್ತಿಲ್ಲ. ಓದಿನ ಬಗ್ಗೆ ಸಂಶೋಧನೆ ಮಾಡಿದವರು ಯಾರ ಸಹಾಯವೂ ಇಲ್ಲದೆ ಆರಾಮಾಗಿ ಓದೋಕೆ 95%, ಇನ್ನೂ ಸರಿಯಾಗಿ ಹೇಳಬೇಕಂದ್ರೆ 98% ಪದ ಗೊತ್ತಿರಬೇಕು ಅಂತಾರೆ. 98% ಅಂದ್ರೆ ಐವತ್ತು ಪದಕ್ಕೆ ಒಂದು ಗೊತ್ತಿಲ್ಲದ ಪದ. ಎರಡು ಸಾವಿರ ಪದ ನಿಮ್ಮನ್ನ ಅಲ್ಲಿಗೆ ಮುಟ್ಟಿಸಲ್ಲ. ಆದರೆ ಮೇಲಿನ ಸಾಲಲ್ಲಿ ಇನ್ನೊಂದು ವಿಷಯ ಇದೆ ನೋಡಿ. ‘ತನಕ’, ‘ಇಲ್ಲದಿದ್ದರೆ’, ‘ಒಳಗಿರುವ’ ಗೊತ್ತಿದ್ದದ್ದರಿಂದಲೇ ಗರಳಿ ಒಂದು ಪೆಟ್ಟಿಗೆ ಥರದ ವಸ್ತು, ಟೊಂಪಿ ಅದರ ಭಾಗ, ಚಿಳಗೋದಕ್ಕೆ ಸಮಯ ಹಿಡಿಯತ್ತೆ ಅಂತ ನೀವು ಊಹಿಸಿದ್ರಿ. ಹೊಸ ಪದವನ್ನ ನೇತುಹಾಕೋಕೆ ಗೋಡೆಗೆ ಮೊಳೆ ಬೇಕಲ್ಲ, ಆ ಮೊಳೆಗಳು ಈ ಸಾಮಾನ್ಯ ಪದಗಳು.

ಟೆಕ್ಸ್ಟ್‌ಬುಕ್ಕಿನಲ್ಲಿ ನಮಗೆ ತೊಂದರೆ ಕೊಡೋದು ‘ಥರ್ಮೋಡೈನಮಿಕ್ಸ್’ ಅಲ್ಲ. ಅದನ್ನ ಮೇಷ್ಟ್ರು ಬೋರ್ಡಿನ ಮೇಲೆ ಬರೆದು ವಿವರಿಸ್ತಾರೆ, ಪುಸ್ತಕದಲ್ಲಿ ದಪ್ಪಕ್ಷರದಲ್ಲಿ ವ್ಯಾಖ್ಯೆ ಇರತ್ತೆ. ‘ಅನ್‌ಲೆಸ್’, ‘ವೇರಾಸ್’, ‘ಹೆನ್ಸ್’, ‘ಪ್ರೊವೈಡೆಡ್ ದಟ್’ ಇವನ್ನ ಯಾರೂ ವಿವರಿಸಲ್ಲ. ಗೊತ್ತಿದೆ ಅಂತಲೇ ಎಲ್ಲರೂ ಅಂದ್ಕೊಂಡಿರ್ತಾರೆ. ನನ್ನ ರೂಮ್‌ಮೇಟ್ ಹಾವೇರಿ ಕಡೆಯವನು, ಎಸ್ಸೆಸ್ಸೆಲ್ಸಿ ತನಕ ಕನ್ನಡ ಮಾಧ್ಯಮ. ಮ್ಯಾಥ್ಸಲ್ಲಿ ನನಗಿಂತ ಚುರುಕು. ಒಂದು ಸಲ ಪ್ರಾಬೆಬಿಲಿಟಿ ಲೆಕ್ಕ ಮಾಡ್ತಾ ಕೇಳಿದ: “ಲೇ, ಈ ‘ಅಟ್ ಲೀಸ್ಟ್ ಒನ್’ ಅಂದ್ರ ಒಂದ ಒಂದು ಅಂತ ಏನ, ಒಂದರ ಇರಬೇಕು ಅಂತ ಏನ?” ಎರಡು ದಾಳ ಹಾಕಿದಾಗ ‘ಅಟ್ ಲೀಸ್ಟ್’ ಒಂದು ಆರು ಬೀಳೋ ಸಾಧ್ಯತೆ 11/36. ಸರಿಯಾಗಿ ಒಂದೇ ಆರು ಅಂದ್ರೆ 10/36. ‘ಅಟ್ ಮೋಸ್ಟ್’ ಒಂದು ಆರು ಅಂದ್ರೆ 35/36. ಅವನಿಗೆ ಮೂರೂ ಲೆಕ್ಕ ಬಾಯಲ್ಲೇ ಬರತ್ತೆ. ಯಾವ ಲೆಕ್ಕ ಮಾಡಬೇಕು ಅನ್ನೋದು ಒಂದೆರಡು ಸಣ್ಣ ಇಂಗ್ಲಿಷ್ ಪದದಲ್ಲಿ ಸಿಕ್ಕಿಕೊಂಡಿತ್ತು. ಹಿಂದಿನ ಸೆಮಿಸ್ಟರಿನಲ್ಲಿ ಅವನಿಗೆ ಬ್ಯಾಕ್ ಬಂದಿದ್ದು ಆ ಪೇಪರಲ್ಲೇ, ನಾಲ್ಕು ಮಾರ್ಕ್ಸಿಗೆ.

ಇದೇ ಜಾತಿಯ ಇನ್ನೊಂದು: ಕರೆಂಟ್ 50 ಆಂಪಿಯರ್ ಇತ್ತು. ‘ರಿಡ್ಯೂಸ್ಡ್ ಬೈ 20 ಪರ್ಸೆಂಟ್’ ಅಂದ್ರೆ ಈಗ 40. ‘ರಿಡ್ಯೂಸ್ಡ್ ಟು 20 ಪರ್ಸೆಂಟ್’ ಅಂದ್ರೆ ಈಗ 10. ವ್ಯತ್ಯಾಸ ಎರಡಕ್ಷರದ ಪದದ್ದು, ಅದು ಪಟ್ಟಿಯ ಮೊದಲ ಇಪ್ಪತ್ತೈದರಲ್ಲೇ ಇರೋ ಪದ. ಹಾಗೇ ‘ಎ ಫ್ಯೂ ಎರರ್ಸ್’ ಅಂದ್ರೆ ಕೆಲವು ತಪ್ಪಿವೆ, ‘ಫ್ಯೂ ಎರರ್ಸ್’ ಅಂದ್ರೆ ತಪ್ಪು ಹೆಚ್ಚೇನಿಲ್ಲ.

ಕನ್ನಡದವರಿಗೆ ಈ ಪುಟ್ಟ ಪದಗಳೇ ಯಾಕೆ ಜಾರುತ್ತವೆ? ಕನ್ನಡದಲ್ಲಿ ಇವು ಪದಗಳೇ ಅಲ್ಲ, ಬಾಲಗಳು. ‘ಟು’ ಮಾಡೋ ಕೆಲಸವನ್ನ ನಮ್ಮಲ್ಲಿ ‘-ಗೆ’, ‘-ಕ್ಕೆ’ ಮಾಡುತ್ತವೆ, ‘ಇನ್’ ಕೆಲಸವನ್ನ ‘-ಅಲ್ಲಿ’, ‘ಫ್ರಮ್’ ಮತ್ತು ‘ಬೈ’ ಎರಡರ ಕೆಲಸವನ್ನೂ ಬಹಳ ಕಡೆ ‘-ಇಂದ’ ಒಂದೇ ಮಾಡಿಬಿಡತ್ತೆ. ಶಾಲೆಯಲ್ಲಿ ವಿಭಕ್ತಿ ಪ್ರತ್ಯಯ ಅಂತ ಬಾಯಿಪಾಠ ಮಾಡಿದ್ವಲ್ಲ, ಅವೇ. ಇನ್ನು ‘ದಿ’ಗೆ ಸಮನಾದ್ದು ಕನ್ನಡದಲ್ಲಿ ಇಲ್ಲವೇ ಇಲ್ಲ. ಇಂಗ್ಲಿಷಿನ ಅತಿ ಹೆಚ್ಚು ಬಳಕೆಯ ಪದಕ್ಕೆ ನಮ್ಮ ಹತ್ತಿರ ಅನುವಾದ ಇಲ್ಲ! ಆದ್ದರಿಂದ ಪಟ್ಟಿಯ ಎದುರಿಗೆ ಒಂದೊಂದು ಕನ್ನಡ ಪದ ಬರೆದು ಬಾಯಿಪಾಠ ಮಾಡೋ ವಿಧಾನ ಮೊದಲ ನೂರು ಪದಗಳಿಗೆ ಕೆಲಸ ಮಾಡಲ್ಲ. ಅವನ್ನ ವಾಕ್ಯದ ಜೊತೆಗೇ ಕಲೀಬೇಕು. ಒಂದು ಪದಕ್ಕೆ ನಾಲ್ಕು ವಾಕ್ಯ, ಅದೂ ನಮ್ಮದೇ ಪುಸ್ತಕದಿಂದ ಎತ್ತಿದ ವಾಕ್ಯ.

ಕಾಗುಣಿತದ ಕಿರಿಕಿರಿಯೂ ಇಲ್ಲೇ ಹೆಚ್ಚು. ಕನ್ನಡದಲ್ಲಿ ಬರೆದ ಹಾಗೆ ಓದ್ತೀವಿ. ಇಂಗ್ಲಿಷಿನಲ್ಲಿ ‘ವನ್’ ಅನ್ನೋದನ್ನ ಓ-ಎನ್-ಇ ಅಂತ ಬರೀಬೇಕು, ‘ಸೆಡ್’ ಅನ್ನೋದನ್ನ ಎಸ್-ಎ-ಐ-ಡಿ ಅಂತ. ಎಡ್ವರ್ಡ್ ಡಾಲ್ಚ್ ಎಂಬ ಅಮೆರಿಕದ ಪ್ರಾಧ್ಯಾಪಕ 1936ರಲ್ಲಿ ಮಕ್ಕಳಿಗಾಗಿ 220 ಪದಗಳ ಪಟ್ಟಿ ಮಾಡಿದ್ದು ಇದಕ್ಕೇ. ಅಕ್ಷರ ಕೂಡಿಸಿ ಓದೋಕೆ ಹೋಗದೆ ನೋಡಿದ ತಕ್ಷಣ ಗುರುತು ಹಿಡೀಬೇಕಾದ ಪದಗಳು ಅವು. ಆ 220ರಲ್ಲಿ ನಾಮಪದ ಒಂದೂ ಇಲ್ಲ, ಅವಕ್ಕೆ ಬೇರೆ ಪಟ್ಟಿ ಮಾಡಿದ. ಕ್ರಿಯಾಪದಗಳ ಕಥೆಯೂ ಹೀಗೇ. ‘ಗೋ-ವೆಂಟ್’, ‘ಬಿ-ವಾಸ್’ ಥರ ನಿಯಮ ಮುರಿಯೋವು ಹೆಚ್ಚಾಗಿ ದಿನಬಳಕೆಯ ಪದಗಳೇ. ಇದಕ್ಕೆ ಇಂಗ್ಲಿಷನ್ನ ಬೈಯೋ ಮುಂಚೆ ನಮ್ಮದನ್ನೂ ನೋಡಿ: ಬಾ-ಬಂದ, ಕೊಡು-ಕೊಟ್ಟ, ಹೋಗು-ಹೋದ, ಇರು-ಇದ್ದ. ದಿನಕ್ಕೆ ನೂರು ಸಲ ಕಿವಿಗೆ ಬೀಳೋ ರೂಪವನ್ನ ಯಾರೂ ಮರೆಯಲ್ಲ, ಹಾಗಾಗಿ ಅದು ನಿಯಮಕ್ಕೆ ಬಗ್ಗದೆ ಉಳ್ಕೊಳ್ಳತ್ತೆ.

ಈ ಪಟ್ಟಿಗಳ ಇತಿಹಾಸಕ್ಕೂ ನಮ್ಮ ದೇಶಕ್ಕೂ ಒಂದು ನಂಟಿದೆ. ಮೈಕಲ್ ವೆಸ್ಟ್ ಎಂಬ ಇಂಗ್ಲಿಷ್ ಶಿಕ್ಷಣ ಅಧಿಕಾರಿ ಬ್ರಿಟಿಷರ ಕಾಲದಲ್ಲಿ ಬಂಗಾಳದ ಢಾಕಾದಲ್ಲಿ ಕೆಲಸ ಮಾಡ್ತಿದ್ದ. ಅಲ್ಲಿಯ ಹುಡುಗರಿಗೆ ಮಾತಾಡೋದಕ್ಕಿಂತ ಮೊದಲು ಇಂಗ್ಲಿಷ್ ಓದೋಕೆ ಬರಬೇಕು, ಆದರೆ ಪಾಠಪುಸ್ತಕದಲ್ಲಿ ಅಪರೂಪದ ಪದಗಳೇ ತುಂಬಿವೆ ಅನ್ನೋದು ಅವನ ತಕರಾರು. ಹೊಸ ಪದ ಸ್ವಲ್ಪ ಸ್ವಲ್ಪವೇ ಬಂದು, ಬಂದದ್ದು ಮತ್ತೆ ಮತ್ತೆ ಬರೋ ಹಾಗೆ ಅವನು ರೀಡರುಗಳನ್ನ ಬರೆದ. ಮುಂದೆ 1953ರಲ್ಲಿ ಸುಮಾರು 2,000 ಪದಗಳ ‘ಜನರಲ್ ಸರ್ವೀಸ್ ಲಿಸ್ಟ್’ ಪ್ರಕಟಿಸಿದ. ಒಂದೊಂದು ಪದದ ಯಾವ ಅರ್ಥ ನೂರಕ್ಕೆ ಎಷ್ಟು ಸಲ ಬರತ್ತೆ ಅಂತಲೂ ಅದರಲ್ಲಿ ಕೊಟ್ಟಿದ್ದಾನೆ. ಇದು ನನಗೆ ತುಂಬಾ ಹಿಡಿಸಿದ ವಿಷಯ, ಯಾಕಂದ್ರೆ ಸಾಮಾನ್ಯ ಪದಕ್ಕೆ ಅರ್ಥ ಒಂದಿರಲ್ಲ. ‘ಫೀಲ್ಡ್’ ಹೊಲವೂ ಹೌದು, ವಿದ್ಯುತ್ ಕ್ಷೇತ್ರವೂ ಹೌದು. ‘ಸ್ಟೇಟ್’ ರಾಜ್ಯ, ಸ್ಥಿತಿ, ಪ್ರಶ್ನೆಪತ್ರಿಕೆಯಲ್ಲಿ ಬಂದ್ರೆ ‘ಹೇಳಿ’ ಅನ್ನೋ ಆಜ್ಞೆ.

ಅದರ ಹೊಸ ಆವೃತ್ತಿ ಅನ್ನಬಹುದಾದ ‘ನ್ಯೂ ಜನರಲ್ ಸರ್ವೀಸ್ ಲಿಸ್ಟ್’ 2013ರಲ್ಲಿ ಬಂತು. ಸುಮಾರು 2,800 ಪದ, ಇಂಟರ್ನೆಟ್ಟಲ್ಲಿ ಪುಕ್ಕಟೆ ಸಿಗತ್ತೆ. ಶುರು ಮಾಡೋಕೆ ಇದೇ ಸಾಕು. ಅದಾದ ಮೇಲೆ ಆವರಿಲ್ ಕಾಕ್ಸ್‌ಹೆಡ್ ಅವರು ನ್ಯೂಜಿಲೆಂಡಿನಲ್ಲಿ ಮಾಡಿ 2000ದಲ್ಲಿ ಪ್ರಕಟಿಸಿದ ‘ಅಕಾಡೆಮಿಕ್ ವರ್ಡ್ ಲಿಸ್ಟ್’. 35 ಲಕ್ಷ ಪದಗಳ ಪಠ್ಯ ಸಂಗ್ರಹದಿಂದ ಹೆಕ್ಕಿದ 570 ಪದಕುಟುಂಬಗಳು. ‘ಅಸ್ಯೂಮ್’, ‘ಡಿರೈವ್’, ‘ಸಫಿಶಿಯೆಂಟ್’, ‘ವೇರಾಸ್’, ‘ಹೆನ್ಸ್’ ಎಲ್ಲ ಇದರಲ್ಲಿವೆ. ಕಾಲೇಜು ಮಟ್ಟದ ಪುಸ್ತಕಗಳಲ್ಲಿ ಈ 570 ಸುಮಾರು 10% ಜಾಗ ತಗೊಳ್ಳುತ್ತವೆ. 570ಕ್ಕೆ 10%! ಮೂರನೇ ಸಾವಿರಕ್ಕೆ ಸಿಕ್ಕ 4.3ರ ಜೊತೆ ಹೋಲಿಸಿ ನೋಡಿ. ನಮ್ಮಂಥವರಿಗೆ ಇಷ್ಟು ಅಗ್ಗದ ಡೀಲ್ ಬೇರೆ ಇಲ್ಲ.

ಕಲಿಯೋ ರೀತಿ ಬಗ್ಗೆ ಉದ್ದಕ್ಕೆ ಹೇಳಲ್ಲ. ಪಟ್ಟಿ ಮೇಲಿಂದ ಓದುತ್ತಾ ಗೊತ್ತಿರೋದನ್ನ ಹೊಡೆದುಹಾಕಿ. ಪಿಯುಸಿ ಮುಗಿಸಿ ಬಂದ ಯಾರಿಗೇ ಆದರೂ ಅರ್ಧಕ್ಕಿಂತ ಹೆಚ್ಚು ಹೋಗತ್ತೆ ಅಂತ ನನ್ನ ಅಂದಾಜು. ಉಳಿದದ್ದನ್ನ ‘ಆಂಕಿ’ ಆ್ಯಪಿಗೆ ಹಾಕಿದರೆ ಮರೆಯೋ ಹೊತ್ತಿಗೆ ಮತ್ತೆ ತೋರಿಸತ್ತೆ. ದಿನಕ್ಕೆ ಹತ್ತು ಪದ ಸಾಕು. ಅರ್ಥಕ್ಕೆ ಲಾಂಗ್‌ಮನ್ ಡಿಕ್ಷನರಿ ಒಳ್ಳೇದು, ಅದರ ವಿವರಣೆಗಳನ್ನ ಸುಮಾರು 2,000 ಸಾಮಾನ್ಯ ಪದಗಳಲ್ಲೇ ಬರೆದಿರ್ತಾರೆ. ಅಲ್ಲೂ ತಿಳೀದಿದ್ರೆ ಕನ್ನಡ ಅರ್ಥ ನೋಡೋದ್ರಲ್ಲಿ ಯಾವ ಅವಮಾನವೂ ಇಲ್ಲ. ಲೈಬ್ರರಿಯಲ್ಲಿ ಜಿ. ವೆಂಕಟಸುಬ್ಬಯ್ಯನವರ ಇಂಗ್ಲಿಷ್-ಕನ್ನಡ ನಿಘಂಟು ಇದೆಯಾ ಅಂತ ಕೇಳಿ ನೋಡಿ.

ಬರವಣಿಗೆಗೆ ಬಂದ್ರೆ ಇನ್ನೊಂದು ಖುಷಿ ವಿಷಯ. ಚೆನ್ನಾಗಿ ಬರೆಯೋಕೆ ದೊಡ್ಡ ಪದ ಬೇಕು ಅಂತ ನಮ್ಮಲ್ಲಿ ತುಂಬಾ ಜನ, ಇಂಗ್ಲಿಷ್ ಮೀಡಿಯಂನವರೇ ಜಾಸ್ತಿ, ನಂಬಿದ್ದಾರೆ. ಎಕ್ಸ್‌ಕೆಸಿಡಿ ಕಾಮಿಕ್ ಬರೆಯೋ ರಾಂಡಲ್ ಮನ್ರೋ, ಚಂದ್ರನಿಗೆ ಹೋದ ಸ್ಯಾಟರ್ನ್ 5 ರಾಕೆಟ್ಟಿನ ಚಿತ್ರವನ್ನ ಇಂಗ್ಲಿಷಿನ ಅತಿ ಸಾಮಾನ್ಯ ಒಂದು ಸಾವಿರ ಪದಗಳಲ್ಲೇ ವಿವರಿಸಿದ. ಆ ಸಾವಿರದಲ್ಲಿ ‘ಥೌಸಂಡ್’ ಅನ್ನೋ ಪದವೇ ಇರಲಿಲ್ಲ, ಹಾಗಾಗಿ ‘ಟೆನ್ ಹಂಡ್ರೆಡ್’ ಅಂತ ಬರೀಬೇಕಾಯ್ತು! 2015ರಲ್ಲಿ ಅದೇ ರೀತಿ ‘ಥಿಂಗ್ ಎಕ್ಸ್‌ಪ್ಲೇನರ್’ ಅಂತ ಇಡೀ ಪುಸ್ತಕ ತಂದ. ಅದು ತಮಾಷೆಗೆ. ತಮಾಷೆಯಲ್ಲದ ಉದಾಹರಣೆ ವಿಮಾನಗಳ ರಿಪೇರಿ ಮ್ಯಾನ್ಯುಯಲ್‌ಗಳು. ಇಂಗ್ಲಿಷ್ ಮಾತೃಭಾಷೆ ಅಲ್ಲದ ಮೆಕ್ಯಾನಿಕ್ ತಪ್ಪು ಅರ್ಥ ಮಾಡ್ಕೊಂಡ್ರೆ ಅನಾಹುತ ಆಗತ್ತೆ ಅಂತ ಅವಕ್ಕೆ ‘ಸಿಂಪ್ಲಿಫೈಡ್ ಟೆಕ್ನಿಕಲ್ ಇಂಗ್ಲಿಷ್’ ಎಂಬ ನಿಯಮಾವಳಿ ಇದೆ. ತಾಂತ್ರಿಕ ಹೆಸರುಗಳನ್ನ ಬಿಟ್ಟರೆ ಅದರಲ್ಲಿ ಒಪ್ಪಿಗೆ ಇರೋ ಪದಗಳು ಸಾವಿರದ ಆಸುಪಾಸು. ಸಾಧ್ಯವಾದಷ್ಟೂ ಒಂದು ಪದಕ್ಕೆ ಒಂದೇ ಅರ್ಥ. ‘ಫಾಲೋ’ ಅಂದ್ರೆ ‘ಹಿಂದೆ ಬಾ’ ಅಂತ ಮಾತ್ರ, ‘ಸೂಚನೆಯನ್ನು ಪಾಲಿಸು’ ಅನ್ನೋಕೆ ಅದನ್ನ ಬಳಸೋ ಹಾಗಿಲ್ಲ. ‘ಟೆಸ್ಟ್’ ನಾಮಪದ ಮಾತ್ರ, ‘ಟೆಸ್ಟ್ ದಿ ಸಿಸ್ಟಮ್’ ಅನ್ನಬಾರದು, ‘ಡು ಎ ಟೆಸ್ಟ್’ ಅನ್ನಬೇಕು. ಕೆಲಸದ ಹಂತ ಹೇಳೋ ವಾಕ್ಯ 20 ಪದ ಮೀರಬಾರದು.

ಮುಂದಿನ ಲ್ಯಾಬ್ ರೆಕಾರ್ಡಿನಲ್ಲಿ ‘ಪ್ರೊಸೀಜರ್’ ಬರೆಯುವಾಗ ಈ 20ರ ನಿಯಮ ಒಂದನ್ನೇ ಹಾಕ್ಕೊಂಡು ಬರೆದು ನೋಡಿ. ನನ್ನ ರೂಮ್‌ಮೇಟ್ ಹಾಗೇ ಬರೀತಿದ್ದಾನೆ. ಬ್ಯಾಕ್ ಪೇಪರಿನ ಪರೀಕ್ಷೆ ಬರೋ ತಿಂಗಳು ಇದೆ, ಅವನ ಆಂಕಿಯಲ್ಲಿ ಇನ್ನು 212 ಪದ ಬಾಕಿ.