ಒಂದೇ ಮೂಟೆ, ಎರಡು ಮಾರ್ಕು

ಯುಗಾದಿ ಕಳೆದ ವಾರ ಅರೇಹಳ್ಳಿಗೆ ಹೋಗಿದ್ದೆ. ಹಬ್ಬದ ದಿನ ನ್ಯೂಸ್ ಚಾನೆಲ್‌ನವರಿಗೆ ರಜೆ ಎಲ್ಲಿಂದ ಬರಬೇಕು? ಇಂಜಿನಿಯರಿಂಗ್ ಓದುವಾಗ ನಾಲ್ಕು ವರ್ಷ ನನ್ನ ರೂಮ್‌ಮೇಟ್ ಆಗಿದ್ದವನ ಊರು ಅದು. ಬೇಲೂರು ದೇವಸ್ಥಾನ ನೋಡೋಕೆ ಬಂದವರು ಬಹುತೇಕ ಅಲ್ಲಿಂದಲೇ ವಾಪಸ್ ಹೋಗ್ತಾರೆ. ಅರೇಹಳ್ಳಿ ಕಡೆ ತಿರುಗಿದರೆ ಎರಡೂ ಬದಿ ಕಾಫಿ ತೋಟ. ಹೂಮಳೆ ಬಿದ್ದಿತ್ತು. ತೋಟವೆಲ್ಲ ಬಿಳಿ ಹೂವು, ಮಲ್ಲಿಗೆಯಂಥ ಘಮ.

ಆದರೆ ಗೆಳೆಯನ ಅಪ್ಪನ ಮುಖ ಮಾತ್ರ ಬಾಡಿತ್ತು. ಎರಡು ಕಾಗದ ತಂದು ನನ್ನ ಮುಂದಿಟ್ಟರು. 'ಇಂಜಿನಿಯರ್ ಅಲ್ವೇನಪ್ಪಾ ನೀನು, ಇದೇನು ಅಂತ ಹೇಳು' ಅಂದರು.

ಅವರು ಈ ವರ್ಷ ಒಂದು ಸಾಹಸ ಮಾಡಿದ್ದರು. ಅರೇಬಿಕಾ ಗಿಡದಲ್ಲಿ ಪೂರ್ತಿ ಕೆಂಪಾದ ಹಣ್ಣನ್ನಷ್ಟೇ ಆರಿಸಿ ಕುಯ್ಯಿಸಿ, ಸಿಪ್ಪೆ ಸಮೇತ ಎತ್ತರದ ಜಾಲರಿ ಮಂಚದ ಮೇಲೆ ಒಣಗಿಸಿದ್ದರು. ಆಳಿನ ಖರ್ಚು ಜಾಸ್ತಿ, ದಿನವೂ ಕೈಯಾಡಿಸಬೇಕು. ಅದೇ ಮೂಟೆಯ ಸ್ಯಾಂಪಲ್ ಇಬ್ಬರು ರುಚಿ ಪರೀಕ್ಷಕರ ಹತ್ತಿರ ಹೋಗಿತ್ತು. ಒಬ್ಬರು ಕೊಟ್ಟ ಅಂಕ 84. ಇನ್ನೊಬ್ಬರದು 79.5. ಕಾಫಿ ಲೋಕದಲ್ಲಿ ನೂರಕ್ಕೆ 80 ಅನ್ನೋದು ಲಕ್ಷ್ಮಣರೇಖೆ. ದಾಟಿದರೆ ಸ್ಪೆಷಾಲಿಟಿ ಕಾಫಿ, ದಾಟದಿದ್ದರೆ ಎಲ್ಲರ ಹಾಗೆ ಮಾಮೂಲಿ ಕಾಫಿ. ಕೊಳ್ಳುವವರು ಎರಡನೇ ಕಾಗದ ತೋರಿಸಿ ಹಿಂದೆ ಸರಿದಿದ್ದರು.

ಎರಡೂ ಕಾಗದದಲ್ಲಿ ಒಂದು ಪದ ಸಮಾನವಾಗಿತ್ತು: 'ವೈನಿ'. ಅಂದರೆ ವೈನಿನಂಥ ವಾಸನೆ. 'ಕಾಫಿಗೂ ವೈನಿಗೂ ಏನಪ್ಪಾ ಸಂಬಂಧ?' ಅಂತ ಕೇಳಿದರು. ಸಂಬಂಧ ಇದೆ. ಹಣ್ಣು ಸಿಪ್ಪೆ ಸಮೇತ ನಿಧಾನ ಒಣಗುವಾಗ ಒಳಗೆ ಸ್ವಲ್ಪ ಹುಳಿಯುತ್ತೆ, ಆ ಘಮ ಬೀಜಕ್ಕೂ ಇಳಿಯುತ್ತೆ. ಅದಕ್ಕಿಂತ ದೊಡ್ಡ ಸಂಬಂಧ ಇನ್ನೊಂದಿದೆ. ನಾಲಿಗೆಯ ಅನುಭವವನ್ನು ನೂರಕ್ಕೆ ಇಷ್ಟು ಅಂತ ಅಳೆಯೋ ಚಾಳಿಯನ್ನು ಜಗತ್ತಿನಲ್ಲಿ ಜನಪ್ರಿಯ ಮಾಡಿದ್ದೇ ವೈನ್ ವಿಮರ್ಶಕರು.

ನಾನೇನೂ ವೈನ್ ಕುಡೀರಿ ಅಂತ ಹೇಳ್ತಿಲ್ಲ. ಅದರ ಕಥೆ ಕೇಳಿ ಸಾಕು.

2003ರ ಬೇಸಿಗೆಯಲ್ಲಿ ಯುರೋಪ್ ಬಿಸಿಗಾಳಿಗೆ ಬೆಂದುಹೋಯಿತು. ಫ್ರಾನ್ಸಿನ ಬೋರ್ಡೊ ಪ್ರಾಂತ್ಯದಲ್ಲಿ ದ್ರಾಕ್ಷಿ ಅತಿಯಾಗಿ ಹಣ್ಣಾಯಿತು. ಅಲ್ಲಿನ ಹೆಸರಾಂತ ಕೆಂಪು ವೈನ್‌ಗಳು ದಶಕಗಟ್ಟಲೆ ಇಟ್ಟು ಕುಡಿಯುವಂಥವು. ಸಿಪ್ಪೆ, ಬೀಜದಿಂದ ಬರುವ ಒಗರು ವರ್ಷ ಕಳೆದ ಹಾಗೆ ಮೆತ್ತಗಾಗುತ್ತೆ, ಹೊಸ ಪರಿಮಳ ಹುಟ್ಟುತ್ತೆ. ಆದರೆ ವಿಮರ್ಶಕರು ಅಂಕ ಕೊಡೋದು ಯಾವಾಗ ಗೊತ್ತಾ? ಕೊಯ್ಲಾದ ಮುಂದಿನ ವಸಂತದಲ್ಲೇ! ವೈನ್ ಇನ್ನೂ ಪೀಪಾಯಿಯಲ್ಲಿರುತ್ತೆ, ಬಾಟಲಿಗೇ ಇಳಿದಿರಲ್ಲ. ಆ ಅಂಕ ನೋಡಿ ವ್ಯಾಪಾರ ಕುದುರುತ್ತೆ. ಎಲ್‌ಕೆಜಿ ಹುಡುಗನನ್ನು ನೋಡಿ ಇವನಿಗೆ ಐಎಎಸ್‌ನಲ್ಲಿ ಎಷ್ಟನೇ ರ‍್ಯಾಂಕ್ ಅಂತ ಹೇಳಿದ ಹಾಗೆ.

2004ರಲ್ಲಿ ಹೀಗೆ ರುಚಿ ನೋಡಿದ ವೈನ್‌ಗಳಲ್ಲಿ ಒಂದು ಶಾಟೊ ಪವಿ. ಅಮೆರಿಕದ ರಾಬರ್ಟ್ ಪಾರ್ಕರ್ ಆ ಕಾಲದ ಅತ್ಯಂತ ಪ್ರಭಾವಿ ವಿಮರ್ಶಕ. ಅವರು ಅದನ್ನು ಹೊಗಳಿ ನೂರಕ್ಕೆ 95ರ ಮೇಲಿನ ಸಾಲಿನಲ್ಲಿ ಕೂರಿಸಿದರು. ಬ್ರಿಟನ್ನಿನ ಜಾನ್ಸಿಸ್ ರಾಬಿನ್ಸನ್ ಅಷ್ಟೇ ದೊಡ್ಡ ಹೆಸರು. ಅವರು ಕೊಟ್ಟಿದ್ದು 20ಕ್ಕೆ 12. ಅವರ ಅಳತೆಯಲ್ಲಿ ಅದು ಹೆಚ್ಚುಕಮ್ಮಿ ಫೇಲ್. ದೊಡ್ಡ ಜಗಳವೇ ಆಯಿತು.

ಇಬ್ಬರಲ್ಲಿ ಯಾರು ಸುಳ್ಳು? ಯಾರೂ ಅಲ್ಲ. ವೈನ್ ಅತಿ ಮಾಗಿದ್ದು, ಗಾಢವಾಗಿದೆ ಅನ್ನೋದು ಇಬ್ಬರಿಗೂ ಗೊತ್ತಾಗಿತ್ತು. ಒಬ್ಬರಿಗೆ ಅದು ವೈಭವ, ಇನ್ನೊಬ್ಬರಿಗೆ ಅತಿರೇಕ. ನಮ್ಮಲ್ಲಿ ಒಂದೇ ಸಾರನ್ನು ಧಾರವಾಡದವರು 'ಸಪ್ಪಗದ' ಅಂತಾರೆ, ಮಂಗಳೂರಿನವರು 'ಖಾರ ಉಂಟು' ಅಂತಾರಲ್ಲ, ಹಾಗೆ.

ಈ ಕಥೆಗೆ ಕರ್ನಾಟಕದ ನಂಟೂ ಇದೆ. ಪವಿಗೆ ಸಲಹೆಗಾರರಾಗಿದ್ದವರು ಮಿಶೆಲ್ ರೋಲಾಂಡ್. ನಂದಿ ಬೆಟ್ಟದ ತಪ್ಪಲಲ್ಲಿ ಕನ್ವಲ್ ಗ್ರೋವರ್ ಕಟ್ಟಿದ ವೈನ್ ಕಂಪನಿಗೂ 1990ರ ದಶಕದಿಂದ ಸಲಹೆ ಕೊಟ್ಟವರು ಅವರೇ. ಅಲ್ಲಿನ 'ಲಾ ರಿಸರ್ವ್' ಕೆಂಪು ವೈನ್ ಓಕ್ ಮರದ ಪೀಪಾಯಿಯಲ್ಲಿ ಮಾಗುತ್ತೆ. ದೊಡ್ಡಬಳ್ಳಾಪುರದ ದ್ರಾಕ್ಷಿಯ ರಸವೂ ಇದೇ ಅಂಕಗಳ ಪರೀಕ್ಷೆಗೆ ಕೂರಬೇಕು.

ಇಷ್ಟ-ಅನಿಷ್ಟದ ಮಾತು ಬಿಡಿ. ಅದೇ ವ್ಯಕ್ತಿ, ಅದೇ ವೈನ್ ಆದರೆ? ಅಂಕ ಒಂದೇ ಬರಬೇಕಲ್ವಾ? ಕ್ಯಾಲಿಫೋರ್ನಿಯಾದ ರಾಬರ್ಟ್ ಹಾಡ್ಜ್‌ಸನ್ ಇದನ್ನು ಪರೀಕ್ಷೆ ಮಾಡಿದರು. ಅವರು ನಿವೃತ್ತ ಪ್ರಾಧ್ಯಾಪಕ, ಸ್ವಂತ ವೈನ್ ತಯಾರಿಕೆಯೂ ಇತ್ತು. ಅಲ್ಲಿನ ರಾಜ್ಯಮಟ್ಟದ ಸ್ಪರ್ಧೆಯಲ್ಲಿ ಒಂದೇ ಬಾಟಲಿಯ ವೈನನ್ನು ತೀರ್ಪುಗಾರರಿಗೆ ಗೊತ್ತಾಗದ ಹಾಗೆ ಮೂರು ಸಲ ಕೊಡಿಸಿದರು. 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೂರೂ ಸಲ ಒಂದೇ ಪದಕದ ಮಟ್ಟದಲ್ಲಿ ಅಂಕ ಕೊಟ್ಟವರು ಶೇಕಡ 10ರಷ್ಟು ತೀರ್ಪುಗಾರರು ಮಾತ್ರ!

ನಮ್ಮ ಕಾಲೇಜು ಲ್ಯಾಬ್‌ನಲ್ಲಿ ಒಂದು ರಾಡ್‌ನ ವ್ಯಾಸ ಬರೆಯಬೇಕಾದರೆ ಮೂರು ಸಲ ಅಳೆದು ಸರಾಸರಿ ತೆಗೀಬೇಕಿತ್ತು. ಎಷ್ಟು ಹೆಚ್ಚುಕಮ್ಮಿ ಆಗಬಹುದು ಅಂತ ಪಕ್ಕದಲ್ಲಿ ಬರೆಯದಿದ್ದರೆ ಮೇಷ್ಟ್ರು ರೆಕಾರ್ಡ್ ಬುಕ್ ವಾಪಸ್ ಎಸೀತಿದ್ದರು. ಕಬ್ಬಿಣದ ರಾಡ್‌ಗೆ ಇರೋ ಈ ಶಿಸ್ತು, ರೈತನ ಇಡೀ ವರ್ಷದ ಬೆಳೆ ಅಳೆಯುವಾಗ ಯಾಕೆ ಬೇಡ?

ಇನ್ನೂ ಒಂದು ಲೆಕ್ಕ ಇದೆ. ಅದು ಕಾಲದ್ದು. 1976ರ ಮೇ 24ರಂದು ಪ್ಯಾರಿಸ್‌ನಲ್ಲಿ ಹೆಸರು ಮುಚ್ಚಿಟ್ಟು ರುಚಿ ನೋಡಿದಾಗ, ಫ್ರೆಂಚ್ ತೀರ್ಪುಗಾರರೇ ಕ್ಯಾಲಿಫೋರ್ನಿಯಾದ 1973ರ 'ಸ್ಟ್ಯಾಗ್ಸ್ ಲೀಪ್' ಕೆಂಪು ವೈನಿಗೆ ಮೊದಲ ಸ್ಥಾನ ಕೊಟ್ಟುಬಿಟ್ಟರು. ಫ್ರಾನ್ಸಿಗೆ ಅವಮಾನ. 'ನಮ್ಮ ವೈನ್ ಇನ್ನೂ ಎಳಸು, ವಯಸ್ಸಾಗಲಿ ನೋಡಿ' ಅನ್ನೋ ವಾದ ಬಂತು. ಸರಿ, 30 ವರ್ಷ ಕಾದರು. 2006ರಲ್ಲಿ ಅವೇ ಕೆಂಪು ವೈನ್‌ಗಳನ್ನು ಮತ್ತೆ ರುಚಿ ನೋಡಿದರು. ಮೊದಲು ಬಂದಿದ್ದು ಮತ್ತೆ ಕ್ಯಾಲಿಫೋರ್ನಿಯಾ. ಆದರೆ ಸ್ಟ್ಯಾಗ್ಸ್ ಲೀಪ್ ಅಲ್ಲ, 1976ರಲ್ಲಿ ಐದನೇ ಸ್ಥಾನದಲ್ಲಿದ್ದ 1971ರ 'ರಿಡ್ಜ್'. ಎಳಸಿನಲ್ಲಿ ಐದನೆಯದು, ಮುಪ್ಪಿನಲ್ಲಿ ಮೊದಲನೆಯದು.

ಹಸಿರು ಕಾಫಿ ಬೀಜಕ್ಕೆ ಅಷ್ಟು ಆಯಸ್ಸಿಲ್ಲ, ವರ್ಷದೊಳಗೆ ಘಮ ಸೊರಗುತ್ತೆ. ಆದರೆ ಅದರ ಪರೀಕ್ಷೆಯಲ್ಲೂ ಕಾಲ ಇದೆ. ಒಳ್ಳೆ ಪರೀಕ್ಷಕರು ಐದು ಕಪ್ ಇಟ್ಟುಕೊಂಡು ಬಿಸಿಯಲ್ಲಿ, ಬೆಚ್ಚಗಾದಾಗ, ಆರಿದಾಗ ಮತ್ತೆ ಮತ್ತೆ ಹೀರಿ ನೋಡ್ತಾರೆ. ಬಿಸಿಯಲ್ಲಿ ಮುಚ್ಚಿಹೋಗಿದ್ದ ದೋಷ ಆರಿದ ಮೇಲೆ ಬಯಲಾಗುತ್ತೆ.

ಹಾಗಾದರೆ ಅಂಕವೆಲ್ಲ ಬೋಗಸ್ಸಾ? ಅಲ್ಲ. 1990ರ ದಶಕದ ಆರಂಭದವರೆಗೆ ಕಾಫಿಯೆಲ್ಲ ಬೋರ್ಡ್‌ನ ಪೂಲ್‌ಗೆ ಹೋಗಿ ಸೇರುತ್ತಿತ್ತು. ನಿಮ್ಮ ತೋಟದ ರುಚಿಗೆ ಪ್ರತ್ಯೇಕ ಹೆಸರೇ ಇರಲಿಲ್ಲ. ಆಮೇಲೂ ಬೆಳೆಗಾರನಿಗೆ ಗೊತ್ತಿದ್ದ ಮಾರ್ಕು ಅಂದರೆ ಔಟ್‌ಟರ್ನ್, ಐವತ್ತು ಕೆಜಿ ಚೆರ್ರಿಯಲ್ಲಿ ಎಷ್ಟು ಕೆಜಿ ಬೀಜ ಸಿಗುತ್ತೆ ಅನ್ನೋದು. ಅದಕ್ಕೆ ತಕ್ಕಡಿ ಸಾಕು. ಅರೇಹಳ್ಳಿಯ ಒಂದು ತೋಟದ ಕಾಫಿಗೆ ಅದರದೇ ಬೆಲೆ ಸಿಗಬಹುದು ಅನ್ನೋ ದಾರಿ ತೆರೆದಿದ್ದು ಈ ರುಚಿಯ ಅಂಕವೇ. ಪ್ರಶ್ನೆ ಇರೋದು ಅದನ್ನು ಓದೋ ರೀತಿಯಲ್ಲಿ.

ಆ ಎರಡು ಕಾಗದಗಳನ್ನ ಮತ್ತೆ ಓದಿದೆ. ಮೊದಲನೆಯವರು 'ವೈನಿ' ಅನ್ನೋದನ್ನ ಗುಣದ ಕಾಲಂನಲ್ಲಿ ಬರೆದಿದ್ದರು. ಎರಡನೆಯವರು ಹುಳಿ ಜಾಸ್ತಿಯಾಗಿದೆ ಅಂತ ಅದಕ್ಕೇ ಅಂಕ ಕಳೆದಿದ್ದರು. ಇದು ಪವಿ ಜಗಳವೇ! ಮೂಟೆ ಕೆಟ್ಟಿಲ್ಲ, ಆ ರುಚಿ ಇಷ್ಟಪಡುವ ಗಿರಾಕಿ ಬೇಕು ಅಷ್ಟೆ.

ಅವರಿಗೆ ಹೇಳಿದ್ದನ್ನೇ ಎಲ್ಲ ಬೆಳೆಗಾರರಿಗೂ ಹೇಳ್ತೀನಿ. ಅಂಕ ಹೇಳಿದವರನ್ನ ಮೂರು ಪ್ರಶ್ನೆ ಕೇಳಿ. ಎಷ್ಟು ಜನ ರುಚಿ ನೋಡಿದರು? ಎಷ್ಟು ಸಲ ನೋಡಿದರು? ಯಾವಾಗ ನೋಡಿದರು? ಅಂಕದ ಪಕ್ಕದ ಮಾತುಗಳನ್ನು ಬರೆಸಿಕೊಳ್ಳಿ. ಸೀಲ್ ಮಾಡಿದ ಒಂದು ಸ್ಯಾಂಪಲ್ ಮನೆಯಲ್ಲಿರಲಿ. ಕಾಫಿ ಬೋರ್ಡ್‌ನ ಗುಣಮಟ್ಟ ಪ್ರಯೋಗಾಲಯಕ್ಕೂ ಒಂದು ಕಳಿಸಿ. 79.5ಕ್ಕೂ 80ಕ್ಕೂ ಇರೋ ಅರ್ಧ ಅಂಕ, ಪರೀಕ್ಷಕರು ಬೆಳಿಗ್ಗೆ ಏನು ತಿಂದು ಬಂದಿದ್ದರು ಅನ್ನೋದರ ಮೇಲೂ ಹೋಗಬಹುದು.

ಈ ಮಾತು ಹೇಳೋಕೆ ನನಗೇನು ಅಧಿಕಾರ ಅಂತ ನೀವು ಕೇಳಬಹುದು. ಪ್ರತಿ ಗುರುವಾರ ಟಿಆರ್‌ಪಿ ಅಂಕ ಬಂದಾಗ ಮುಖ ಸಪ್ಪೆ ಮಾಡಿಕೊಳ್ಳೋರ ಸಾಲಿನಲ್ಲಿ ನಾನೂ ನಿಲ್ತೀನಿ. ಆ ಅಧಿಕಾರ ಸಾಕು.

ಎಲ್ಲ ಕೇಳಿಸಿಕೊಂಡ ಮೇಲೆ ಗೆಳೆಯನ ಅಪ್ಪ ಕಾಗದ ಮಡಚಿ ಜೇಬಿಗಿಟ್ಟುಕೊಂಡರು. 'ನೀ ಹೇಳೋದೆಲ್ಲ ಸರಿ ಕಣಪ್ಪಾ. ಆದ್ರೆ ಶನಿವಾರ ಆಳುಗಳಿಗೆ ಬಟವಾಡೆ ಮಾಡ್ಬೇಕಲ್ಲ, ಅವರು ನನ್ನ ಮಾರ್ಕ್ ಕೇಳಲ್ಲ' ಅಂದರು. ಆಮೇಲೆ ಒಳಗೆ ಹೋಗಿ ಮೂಟೆಯಿಂದ ಮೂರು ಸ್ಯಾಂಪಲ್ ಕಟ್ಟಿ ತಂದರು. ಬೆಂಗಳೂರಿಗೆ ವಾಪಸ್ ಬರುವಾಗ ನನ್ನ ಕಾರಿನ ತುಂಬ ಅದೇ ಘಮ.