ಐರನ್ ಮೈಕ್‌ನ ಮೆದುಳು ಹೇಳಿದ್ದು

ಮಗ ಒಂಬತ್ತನೆಯ ತರಗತಿಗೆ ಸೇರಿದ ವರ್ಷ ಶಾಲೆಯಿಂದ ಒಂದು ಕಾಗದ ತಂದು ನನ್ನ ಮುಂದಿಟ್ಟ. ಫುಟ್‌ಬಾಲ್ ತಂಡಕ್ಕೆ ಸೇರಲು ಪೋಷಕರ ಸಹಿ ಬೇಕಿತ್ತು. ದಾವಣಗೆರೆಯ ನನ್ನ ಅಣ್ಣ ದೂರವಾಣಿಯಲ್ಲಿ, "ವೈದ್ಯನಾದ ನೀನು ಚೆಂಡಾಟಕ್ಕೆ ಹೆದರುವೆಯಾ?" ಎಂದು ನಕ್ಕರು. ಅವರು ಬಲ್ಲ ಫುಟ್‌ಬಾಲ್ ಬೇರೆ. ಇಲ್ಲಿ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ. ಶಿರಸ್ತ್ರಾಣ ಧರಿಸಿದ ದೃಢಕಾಯರು ಢಿಕ್ಕಿ ಹೊಡೆದು ಒಬ್ಬರನ್ನೊಬ್ಬರು ಕೆಡವುತ್ತಾರೆ.

ನಾನಿರುವ ಪಿಟ್ಸ್‌ಬರ್ಗ್ ನಗರವನ್ನು ನಮ್ಮವರು ವೆಂಕಟೇಶ್ವರ ದೇವಾಲಯದಿಂದ ಬಲ್ಲರು. ಊರಿನವರಿಗೋ ಸ್ಟೀಲರ್ಸ್ ತಂಡವೇ ದೈವ. ಆ ತಂಡದ ಮೈಕ್ ವೆಬ್‌ಸ್ಟರ್ 1952ರಲ್ಲಿ ವಿಸ್ಕಾನ್ಸಿನ್ ರಾಜ್ಯದಲ್ಲಿ ಜನಿಸಿದವರು. 1974ರಿಂದ ಹದಿನೈದು ಋತುಗಳನ್ನು ಇಲ್ಲಿಯೂ ಕೊನೆಯ ಎರಡನ್ನು ಕಾನ್ಸಾಸ್ ಸಿಟಿಯಲ್ಲಿಯೂ ಆಡಿದರು. ಅವರದು ಸೆಂಟರ್ ಸ್ಥಾನ. ಚೆಂಡನ್ನು ಕಾಲುಗಳ ನಡುವಿನಿಂದ ಹಿಂದಕ್ಕೆ ಕೊಟ್ಟು, ಮರುಕ್ಷಣವೇ ಎದುರಾಳಿಗೆ ಮೈಯೊಡ್ಡುವ ಕೆಲಸ. ನಾಲ್ಕು ಸೂಪರ್ ಬೌಲ್ ಗೆಲುವುಗಳಲ್ಲಿ ಪಾಲುದಾರರಾದ ಅವರನ್ನು ಜನ "ಐರನ್ ಮೈಕ್" ಎಂದು ಕರೆದರು. 1997ರಲ್ಲಿ ಅವರ ಹೆಸರು ಹಾಲ್ ಆಫ್ ಫೇಮ್ ಸೇರಿತು.

ಆ ಹೊತ್ತಿಗಾಗಲೇ ಅವರ ಸ್ಮೃತಿ ಕುಸಿದಿತ್ತು. ನೋವು, ನಿದ್ರಾಹೀನತೆ, ಖಿನ್ನತೆಗಳಿಂದ ಬಳಲಿದ ಅವರು ಎಷ್ಟೋ ರಾತ್ರಿಗಳನ್ನು ತಮ್ಮ ಪಿಕಪ್ ವಾಹನದಲ್ಲಿಯೇ ಕಳೆದರು. 2002ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡಾಗ ಅವರಿಗೆ ಐವತ್ತೇ ವರ್ಷ. ಇಂದಿನ ನನಗಿಂತ ಚಿಕ್ಕವರು.

ಮರಣೋತ್ತರ ಪರೀಕ್ಷೆ ನಡೆಸಿದವರು ನೈಜೀರಿಯಾದಿಂದ ವಲಸೆ ಬಂದಿದ್ದ ತರುಣ ವೈದ್ಯ ಬೆನೆಟ್ ಒಮಾಲು. ಹೊರನೋಟಕ್ಕೆ ಆ ಮೆದುಳು ಸಹಜವಾಗಿಯೇ ಇತ್ತು. ಒಮಾಲು ಅಷ್ಟಕ್ಕೆ ತೃಪ್ತರಾಗದೆ ತೆಳುಪದರಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ ಟೌ ಎಂಬ ಪ್ರೋಟೀನು ಅಸಹಜವಾಗಿ ಸಂಚಯಗೊಂಡಿದ್ದುದು ಕಂಡಿತು. ತಲೆಗೆ ಮತ್ತೆ ಮತ್ತೆ ಬೀಳುವ ಪೆಟ್ಟುಗಳೊಡನೆ ಸಂಬಂಧಿಸಿದ ಈ ಕಾಯಿಲೆಯೇ ಸಿಟಿಇ. 2005ರಲ್ಲಿ ಅವರ ಪ್ರಬಂಧ ಪ್ರಕಟವಾದಾಗ, ಎನ್‌ಎಫ್‌ಎಲ್ ಸಮಿತಿಯ ವೈದ್ಯರು ಅದನ್ನು ಹಿಂತೆಗೆದುಕೊಳ್ಳುವಂತೆ ಒತ್ತಾಯಿಸಿದರು. ಒಮಾಲು ಹಿಂಜರಿಯಲಿಲ್ಲ. ಫುಟ್‌ಬಾಲ್‌ಗೂ ಈ ಕಾಯಿಲೆಗೂ ನಂಟಿದೆಯೆಂದು ಎನ್‌ಎಫ್‌ಎಲ್ ಅಧಿಕಾರಿಯೊಬ್ಬರು ಬಹಿರಂಗವಾಗಿ ಒಪ್ಪಿಕೊಂಡದ್ದು 2016ರಲ್ಲಿ.

ಆಡುವವರಿಗೆಲ್ಲ ಈ ಕಾಯಿಲೆ ಬರುತ್ತದೆಯೆಂದು ನಾನು ಹೇಳಲಾರೆ. ಆದರೆ ಇದನ್ನು ಖಚಿತಪಡಿಸಲು ಇಂದಿಗೂ ಮೆದುಳನ್ನು ಸಾವಿನ ಬಳಿಕವೇ ಪರೀಕ್ಷಿಸಬೇಕು. ಬದುಕಿರುವಾಗ ಕಾಣದ ಗಾಯಕ್ಕೆ ತಂದೆಯಾಗಿ ಹೇಗೆ ಒಪ್ಪಿಗೆ ಕೊಡಲಿ? ನಾನು ಸಹಿ ಹಾಕಲಿಲ್ಲ. ಮಗ ಒಂದು ವಾರ ನನ್ನೊಡನೆ ಮಾತನಾಡಲಿಲ್ಲ. ಅನಂತರ ಓಟದ ತಂಡ ಸೇರಿದ. ಗೆಳೆಯರ ನಡುವೆ ಅವನು ಕಳೆದುಕೊಂಡದ್ದೇನೆಂಬುದನ್ನು ನಾನು ಪೂರ್ತಿ ಅರಿಯೆ.

ಮಕ್ಕಳೊಡನೆ ಇಲ್ಲಿಗೆ ಬರಲಿರುವವರಿಗೂ ಒಂದು ದಿನ ಇಂಥ ಕಾಗದ ಎದುರಾಗಬಹುದು. ತಲೆಗೆ ಪೆಟ್ಟಾದ ಶಂಕೆಯಿರುವ ವಿದ್ಯಾರ್ಥಿಯನ್ನು ಆಟದಿಂದ ಹೊರಗಿಡುವ ಕಾನೂನು ಈಗ ಎಲ್ಲ ರಾಜ್ಯಗಳಲ್ಲಿಯೂ ಇದೆ. ತರಬೇತುದಾರರನ್ನು ಸಂಕೋಚವಿಲ್ಲದೆ ಪ್ರಶ್ನಿಸಿ, ಆಮೇಲೆ ನಿರ್ಧರಿಸಿ. ಭಾನುವಾರಗಳಂದು ನಾನೂ ಮಗನೂ ಸ್ಟೀಲರ್ಸ್ ಆಟವನ್ನು ಇಂದಿಗೂ ನೋಡುತ್ತೇವೆ. ಸೆಂಟರ್ ಆಟಗಾರ ನೆಲಕ್ಕುರುಳಿದಾಗ, ಅವನು ಎದ್ದು ನಿಲ್ಲುವವರೆಗೂ ನಮ್ಮಿಬ್ಬರಿಗೂ ಮಾತು ಹೊರಡುವುದಿಲ್ಲ.