ಜ್ಯಾಮಿತಿಯಿಂದ ಕ್ವಾಂಟಂ ಸಿದ್ಧಾಂತದವರೆಗೆ: ಎಂ. ಎಸ್. ನರಸಿಂಹನ್ ಅವರ ಗಣಿತ

ಬೆಂಗಳೂರಿನ ಯಲಹಂಕದ ಬಳಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಗಣಿತ ಕೇಂದ್ರವೂ, ಹೆಸರಘಟ್ಟ ಸಮೀಪದ ಶಿವಕೋಟೆಯಲ್ಲಿ ಅದೇ ಸಂಸ್ಥೆಯ ಸೈದ್ಧಾಂತಿಕ ವಿಜ್ಞಾನಗಳ ಅಂತರರಾಷ್ಟ್ರೀಯ ಕೇಂದ್ರವೂ ನೆಲೆಗೊಂಡಿದ್ದು, ಜ್ಯಾಮಿತಿ ಮತ್ತು ಭೌತವಿಜ್ಞಾನಗಳು ಸಂಧಿಸುವ ಕ್ಷೇತ್ರದಲ್ಲಿ ಈ ಮಾತೃಸಂಸ್ಥೆಗೆ ಜಾಗತಿಕ ಮನ್ನಣೆ ತಂದವರಲ್ಲಿ ಮುಡುಂಬೈ ಶೇಷಾಚಲು ನರಸಿಂಹನ್ (1932–2021) ಅಗ್ರಗಣ್ಯರು. ತಮಿಳುನಾಡಿನಲ್ಲಿ ಹುಟ್ಟಿ, ಮದರಾಸಿನ ಲೊಯೊಲಾ ಕಾಲೇಜಿನಲ್ಲಿ ಫಾದರ್ ರಾಸಿನ್ ಅವರ ಶಿಷ್ಯರಾಗಿ, ಮುಂಬಯಿಯಲ್ಲಿ ದಶಕಗಳ ಕಾಲ ದುಡಿದ ಅವರು, ಇಟಲಿಯ ಟ್ರಿಯೆಸ್ಟೆಯಲ್ಲಿ ಗಣಿತ ವಿಭಾಗದ ಮುಖ್ಯಸ್ಥರಾಗಿದ್ದು, ಕೊನೆಗೆ ಬೆಂಗಳೂರಿನಲ್ಲಿ ನೆಲೆಸಿದರು.

ಅವರು ಸಹಪಾಠಿ ಸಿ. ಎಸ್. ಶೇಷಾದ್ರಿಯವರೊಡನೆ 1965ರಲ್ಲಿ ಪ್ರಕಟಿಸಿದ ಪ್ರಮೇಯವು ರೀಮಾನ್ ಮೇಲ್ಮೈಗಳಿಗೆ, ಎಂದರೆ ಪ್ರತಿ ಬಿಂದುವಿನ ಆಸುಪಾಸು ಸಂಕೀರ್ಣ ಸಂಖ್ಯೆಗಳ ಸಮತಲದಂತಿದ್ದು ಒಟ್ಟಾರೆ ಆಕಾರದಲ್ಲಿ ರಂಧ್ರಗಳಿರಬಹುದಾದ ಮೇಲ್ಮೈಗಳಿಗೆ, ಸಂಬಂಧಿಸಿದ್ದು. ಇಂಥ ಮೇಲ್ಮೈಯ ಪ್ರತಿ ಬಿಂದುವಿಗೂ ಒಂದೊಂದು ಸದಿಶ ಅವಕಾಶವನ್ನು ಜೋಡಿಸಿ, ಅವೆಲ್ಲ ಒಂದಕ್ಕೊಂದು ಹೊಂದಿಕೊಳ್ಳುವಂತೆ ಹೆಣೆದ ರಚನೆಯೇ ಸದಿಶ ಕಟ್ಟು. ಇವುಗಳಲ್ಲಿ ಡೇವಿಡ್ ಮಮ್‌ಫರ್ಡ್ 'ಸ್ಥಿರ' ಎಂದು ಗುರುತಿಸಿದ ಬೀಜಗಣಿತೀಯ ಬಗೆಯ ಕಟ್ಟುಗಳು, ಮೇಲ್ಮೈಯ ಕುಣಿಕೆಗಳಿಗೆ ಸದಿಶಗಳ ಉದ್ದವನ್ನು ಕೆಡಿಸದ ಯೂನಿಟರಿ ಮಾತೃಕೆಗಳನ್ನು ನಿಯೋಜಿಸುವ ಕ್ರಮಗಳಿಂದಲೇ ಒದಗುತ್ತವೆ ಎಂಬುದು ಪ್ರಮೇಯದ ತಿರುಳು. ಮೇಲ್ನೋಟಕ್ಕೆ ಸಂಬಂಧವೇ ಇಲ್ಲದ ಎರಡು ಬಗೆಯ ವಸ್ತುಗಳು ಹೀಗೆ ಒಂದೇ ಎಂದು ತೋರಿಬಂದದ್ದು ಆ ದಶಕದ ಗಣಿತದ ಅತ್ಯಂತ ಸುಂದರ ಸಂಗತಿಗಳಲ್ಲೊಂದು.

ಮೂಲಕಣಗಳ ನಡುವಿನ ಬಲಗಳನ್ನು ವಿವರಿಸಲು ಭೌತವಿಜ್ಞಾನಿಗಳು ಬಳಸುವ ಯಾಂಗ್–ಮಿಲ್ಸ್ ಸಮೀಕರಣಗಳ ಬೆಳಕಿನಲ್ಲಿ ಈ ಪ್ರಮೇಯವನ್ನು ಗಣಿತಜ್ಞರಾದ ಆಟಿಯಾ ಮತ್ತು ಬಾಟ್ ಮರಳಿ ನೋಡಿದರು. 1983ರಲ್ಲಿ ಸೈಮನ್ ಡೊನಾಲ್ಡ್‌ಸನ್ ಅದಕ್ಕೆ ಹೊಸ ಸಾಧನೆಯನ್ನೇ ಕೊಟ್ಟರು. ಎಡ್ವರ್ಡ್ ವಿಟೆನ್ 1989ರಲ್ಲಿ ಗಂಟುಗಳ ಗಣಿತವನ್ನು ಕ್ವಾಂಟಂ ಕ್ಷೇತ್ರ ಸಿದ್ಧಾಂತದಿಂದ ವಿವರಿಸಿದಾಗ, ಆ ಸಿದ್ಧಾಂತದ ಅಭಿಜಾತ ಸ್ಥಿತಿಗಳೆಲ್ಲ ವಾಸಿಸುವ ಅವಕಾಶವು ನರಸಿಂಹನ್ ಮತ್ತು ಶೇಷಾದ್ರಿಯವರು ವರ್ಣಿಸಿದ ಕಟ್ಟುಗಳದ್ದೇ ಆಗಿತ್ತು. ಅದರ ಮೇಲಿನ ಸಾರ್ವತ್ರೀಕೃತ ಥೀಟಾ ಫಲನಗಳೇ ಕ್ವಾಂಟಂ ಸ್ಥಿತಿಗಳು.

ನರಸಿಂಹನ್ ಈ ಬೆಳವಣಿಗೆಯನ್ನು ದೂರದಿಂದ ನೋಡುತ್ತ ಕೂರಲಿಲ್ಲ ಎಂಬುದನ್ನು ಒತ್ತಿ ಹೇಳಬೇಕು. 1979ರಷ್ಟು ಮೊದಲೇ ಟಿ. ಆರ್. ರಾಮದಾಸ್ ಅವರೊಡನೆ ಯಾಂಗ್–ಮಿಲ್ಸ್ ಸಮೀಕರಣಗಳು ವರ್ಣಿಸುವ ಗೇಜ್ ಕ್ಷೇತ್ರಗಳ ಜ್ಯಾಮಿತಿಯನ್ನು ಶೋಧಿಸಿದ್ದ ಅವರು, 1993ರಲ್ಲಿ ಮತ್ತೆ ಅವರೊಡನೆಯೇ, ಮೇಲ್ಮೈಯನ್ನು ಒಂದೆಡೆ ಹಿಸುಕಿ ಕಿರಿದುಗೊಳಿಸಿದಾಗ ಥೀಟಾ ಫಲನಗಳ ಅವಕಾಶವು ಹೆಚ್ಚು ಸರಳವಾದ ಮೇಲ್ಮೈಗಳ ಅಂಥವೇ ಅವಕಾಶಗಳಾಗಿ ಒಡೆಯುತ್ತದೆ ಎಂಬ, ಭೌತವಿಜ್ಞಾನಿಗಳು ನಿರೀಕ್ಷಿಸಿದ್ದ ನಿಯಮಕ್ಕೆ ಜ್ಯಾಮಿತೀಯ ಸಾಧನೆ ಒದಗಿಸಿದರು. ಮರುವರ್ಷ ಶ್ರವಣ್ ಕುಮಾರ್ ಮತ್ತು ಎ. ರಾಮನಾಥನ್ ಅವರ ಜೊತೆ ಪ್ರಕಟಿಸಿದ ಲೇಖನವು ಈ ಫಲನಗಳನ್ನು ಕ್ವಾಂಟಂ ಸಿದ್ಧಾಂತದ 'ಕನ್‌ಫಾರ್ಮಲ್ ಬ್ಲಾಕ್' ಎಂಬ ಮೂಲ ಘಟಕಗಳೊಂದಿಗೆ ನೇರವಾಗಿ ಜೋಡಿಸಿತು.